ಗಟ್ಟಿಮೇಳ ಮುಗಿದ ಮೇಲೂ ಸ್ವಲ್ಪ ಕೂತ್ಕೊಳ್ಳಿ

ಹೆಸರಿನ ಕೊನೆಗೆ ಒಂದು 'ಅಪ್ಪ' ಇದ್ದು, ವಿಳಾಸ ಅಮೆರಿಕದ್ದಾಗಿದ್ದರೆ ಸಾಕು, ನಮಗೆ ಹೆಮ್ಮೆ ಉಕ್ಕಿ ಬರುತ್ತೆ. ಅಲ್ಲಿ ಯಾರಿಗೋ ಪ್ರಶಸ್ತಿ ಬಂತು ಅಂದ ತಕ್ಷಣ ವಾಟ್ಸಾಪ್ ಗ್ರೂಪಿನಲ್ಲಿ "ನಮ್ಮ ಕನ್ನಡಿಗ" ಅಂತ ಫಾರ್ವರ್ಡ್ ಶುರು. ಕೆಳಗೆ ಹತ್ತು ಜನ ಕೈಮುಗಿಯೋ ಎಮೋಜಿ ಹಾಕ್ತಾರೆ. ಆ ಮನುಷ್ಯ ಮಾಡಿದ್ದೇನು ಅಂತ ಕೇಳೋರು ಮಾತ್ರ ಯಾರೂ ಇರಲ್ಲ. ರುದ್ರೇಶ್ ಮಹಾಂತಪ್ಪ ಅನ್ನೋ ಹೆಸರನ್ನು ನೀವು ಕೇಳಿದ್ದರೆ ಬಹುಶಃ ಹೀಗೇ ಕೇಳಿರ್ತೀರಿ. ಅವರ ಸ್ಯಾಕ್ಸೋಫೋನನ್ನು ಎಷ್ಟು ನಿಮಿಷ ಕೇಳಿದ್ದೀರಿ ಅನ್ನೋದು ನಿಮಗೇ ಗೊತ್ತು.

ನನ್ನ ತಕರಾರು ಇಷ್ಟೇ. ನಮಗೆ ಕಲಾವಿದರ ಬಗ್ಗೆ ಹೆಮ್ಮೆ ಬೇಕು, ಅವರನ್ನು ಕೂತು ಕೇಳೋ ತಾಳ್ಮೆ ಬೇಡ. ಲಂಡನ್ನೋ ನ್ಯೂಯಾರ್ಕೋ ಮುದ್ರೆ ಒತ್ತಿ ಕಳಿಸಿದ ಮೇಲೆ "ನಮ್ಮೋರು" ಅಂತೀವಿ. ಅದೇ ಸ್ಯಾಕ್ಸೋಫೋನನ್ನೋ ಅದೇ ನಾಗಸ್ವರವನ್ನೋ ಹಿಡಿದು ನಮ್ಮದೇ ಮದುವೆ ಮಂಟಪದ ಮೂಲೆಯಲ್ಲಿ ಕೂತವನನ್ನು "ಏಯ್ ಓಲಗದೋರೇ" ಅಂತ ಕೂಗ್ತೀವಿ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯಿಂದ ಬಂದು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಕುಟ್ಟುತ್ತಿರೋ ನಮ್ಮಂಥವರಿಗೆ ಇದು ಇನ್ನೂ ಚೆನ್ನಾಗಿ ಅನ್ವಯಿಸುತ್ತೆ. ಯಾಕೆಂದರೆ ಓಲಗ ಕೇಳದೇ ಬೆಳೆದೆವು ಅನ್ನೋ ನೆಪ ನಮಗಿಲ್ಲ.

ಮೊದಲು ಮಹಾಂತಪ್ಪ ಏನು ಮಾಡಿದರು ಅಂತ ನೋಡೋಣ. ಕರ್ನಾಟಕ ಮೂಲದ ಕುಟುಂಬ, ತಂದೆ ಭೌತವಿಜ್ಞಾನಿ. ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಆಲ್ಟೊ ಸ್ಯಾಕ್ಸೋಫೋನ್ ಹಿಡಿದು ಜಾಝ್ ಕಲಿತರು, ಆಮೇಲೆ ತಾವೇ ರಚನೆಗಳನ್ನು ಮಾಡತೊಡಗಿದರು. ನಮ್ಮ ಕಸುಬಿನವರಿಗೆ ಇಷ್ಟವಾಗೋ ಒಂದು ವಿಷಯ: 2006ರ 'ಕೋಡ್‌ಬುಕ್' ಅನ್ನೋ ಆಲ್ಬಮ್ಮಿಗೆ ಅವರು ಪ್ರೇರಣೆ ಪಡೆದದ್ದು ಗೂಢಲಿಪಿ ಶಾಸ್ತ್ರದಿಂದ, ಅಂದರೆ ನಾವು ಕ್ರಿಪ್ಟೋಗ್ರಫಿ ಅನ್ನೋದರಿಂದ. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು.

ಆದರೆ ನನಗೆ ಮುಖ್ಯ ಅನ್ನಿಸೋದು ಅದಕ್ಕಿಂತ ಮೊದಲಿನ ಒಂದು ಕೆಲಸ. ಕಂದು ಬಣ್ಣದ ಚರ್ಮ ನೋಡಿ "ನಿನಗೆ ಇಂಡಿಯನ್ ಮಾತಾಡೋಕೆ ಬರುತ್ತಾ?" ಅಂತ ಕೇಳೋರು ಅಲ್ಲಿ ಬಹಳ. ಇಂಡಿಯನ್ ಅನ್ನೋ ಭಾಷೆಯೇ ಇಲ್ಲವಲ್ಲ. ಮಹಾಂತಪ್ಪ ಈ ಪೆದ್ದು ಪ್ರಶ್ನೆಯನ್ನೇ ಎತ್ತಿಕೊಂಡು ಬೇರೆ ಬೇರೆ ಭಾರತೀಯ ಭಾಷೆಗಳವರ ಮುಂದಿಟ್ಟರು. ಅವರವರ ಭಾಷೆಯಲ್ಲಿ ಉತ್ತರ ಹೇಳಿಸಿ ರೆಕಾರ್ಡ್ ಮಾಡಿದರು. ಆ ಮಾತಿನ ಏರಿಳಿತವನ್ನು ಸ್ವರಗಳಾಗಿ ಬರೆದುಕೊಂಡು, ಅದರ ಮೇಲೆ ಜಾಝ್ ರಚನೆಗಳನ್ನು ಕಟ್ಟಿದರು. 2004ರಲ್ಲಿ ಬಂದ ಆ ಆಲ್ಬಮ್ಮಿನ ಹೆಸರು 'ಮದರ್ ಟಂಗ್', ಅಂದರೆ ತಾಯ್ನುಡಿ. ಅದರಲ್ಲಿ ಒಂದು ರಚನೆಯ ಹೆಸರೇ 'ಕನ್ನಡ'.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಒಬ್ಬ ಜಾಝ್ ಸಂಗೀತಗಾರ ನಮ್ಮ ಮಾತಿನಲ್ಲಿ ಒಂದು ಧಾಟಿ ಇದೆ ಅಂತ ಗುರುತಿಸಿ, ಅದನ್ನು ಸ್ವರಲಿಪಿಗೆ ಇಳಿಸಿದ. ನಾವೋ? ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಕಮ್ಯುನಿಕೇಶನ್ ಟ್ರೈನಿಂಗ್ ಅಂತ ಕೂರಿಸಿ ನಮ್ಮ ಬಾಯಿಂದ ಆ ಧಾಟಿಯನ್ನು ಉಜ್ಜಿ ಉಜ್ಜಿ ತೆಗೀತಾರೆ. ಗುಬ್ಬಿ ಕಡೆಯೋರು ಮಾತಿನ ಕೊನೆಗೆ ಎಳೆಯೋ ಎಳೆತ, ಕುಣಿಗಲ್ ಸಂತೆಯಲ್ಲಿ ಚೌಕಾಶಿ ಮಾಡುವಾಗ ಏರೋ ದನಿ, ಇವೆಲ್ಲ "ಹಳ್ಳಿ ಟೋನು". ಕನ್ನಡದಲ್ಲೇ ಮಾತಾಡಿದರೂ ಅದು ಕಾಣದಂತೆ ಬಚ್ಚಿಡಬೇಕು ಅಂತ ನಮಗೆ ನಾವೇ ಕಲಿಸಿಕೊಂಡಿದ್ದೀವಿ. ಅಂಥ ನಾವು ಮಹಾಂತಪ್ಪನವರನ್ನು ಫಾರ್ವರ್ಡ್ ಮಾಡ್ತೀವಿ!

ಇನ್ನು ಅವರು ಗುರುವಾಗಿ ಕಂಡದ್ದು ಯಾರನ್ನು? ಕದ್ರಿ ಗೋಪಾಲನಾಥರನ್ನು. ಓದುವ ದಿನಗಳಲ್ಲಿ ಅಣ್ಣ ತಮಾಷೆಗೆ ಅಂತ ಕೊಟ್ಟ ಒಂದು ಆಲ್ಬಮ್ಮಿನಲ್ಲಿ ಅವರು ಮೊದಲು ಕದ್ರಿಯವರ ವಾದನ ಕೇಳಿದರು. ಕೇಳಿದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ಕೊನೆಗೆ ಕದ್ರಿಯವರ ಜೊತೆ ಕೂತು ಕಲಿತು, 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಅನ್ನೋ ಆಲ್ಬಮ್ ತಂದರು. ಪಿಟೀಲಿಗೆ ಎ. ಕನ್ಯಾಕುಮಾರಿ ಇದ್ದರು. ಕಿನ್ಸ್‌ಮೆನ್ ಅಂದರೆ ನೆಂಟರು, ಒಂದೇ ಬಳಗದವರು.

ಕದ್ರಿಯವರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲ್ಲೂಕಿನ ಸಜಿಪ ಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ಮೊದಲು ಹಿಡಿದದ್ದು ನಾಗಸ್ವರವನ್ನೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಹುಡುಗನಿಗೆ ಅದರ ಹುಚ್ಚು ಹಿಡೀತು. ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಳ್ಳೋಕೆ ಹಿಡಿದದ್ದು ಹತ್ತಿರ ಹತ್ತಿರ 20 ವರ್ಷ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಚೆನ್ನೈನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಿಗೆ ಕಲಿಸಿದರು.

20 ವರ್ಷ ಯಾಕೆ ಬೇಕಾಯ್ತು ಅನ್ನೋದು ಎಂಜಿನಿಯರಿಂಗ್ ಪ್ರಶ್ನೆ. ನಾಗಸ್ವರದಲ್ಲಿ ರಂಧ್ರದ ಮೇಲೆ ನೇರವಾಗಿ ಬೆರಳಿರುತ್ತೆ. ರಂಧ್ರವನ್ನು ಅರ್ಧ ಮುಚ್ಚಿ, ಕಾಲು ಮುಚ್ಚಿ, ಬೆರಳನ್ನು ಜಾರಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗಬಹುದು. ಗಮಕ ಅನ್ನೋದು ಹುಟ್ಟೋದೇ ಅಲ್ಲಿ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೋಫೋನಿನಲ್ಲಿ ಬೆರಳು ರಂಧ್ರವನ್ನು ಮುಟ್ಟೋದೇ ಇಲ್ಲ. ಬೆರಳು ಒತ್ತೋದು ಕೀಲಿಯನ್ನು, ಕೀಲಿಗೆ ಸೇರಿದ ಮುಚ್ಚಳ ಹೋಗಿ ರಂಧ್ರವನ್ನು ಮುಚ್ಚುತ್ತೆ. ಅಂದರೆ ನಾಗಸ್ವರದ ಬೆರಳಿಗೆ ಬರುವ ಆ ಜಾರು ಇಲ್ಲಿ ಬರಲ್ಲ. ಅದನ್ನೆಲ್ಲ ತುಟಿ, ದವಡೆ, ಗಂಟಲು, ಉಸಿರಿನ ಹಿಡಿತದಿಂದ ತರಬೇಕು. ಮಿಲಿಟರಿ ಬ್ಯಾಂಡಿಗೆ ಅಂತ ಮಾಡಿದ ಯಂತ್ರದಲ್ಲಿ ಕಲ್ಯಾಣಿ, ತೋಡಿ ನುಡಿಸೋದು ಅಂದರೆ ಇದು. ನಾಗಸ್ವರ ತುಂಬಿದ್ದ ಕಿವಿ ಇಲ್ಲದಿದ್ದರೆ ಯಾವ ಗಮಕವನ್ನು ಹುಡುಕಬೇಕು ಅನ್ನೋದೇ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಆಮೇಲಿನದು ನಿಮಗೆ ಗೊತ್ತಿರೋ ಕಥೆ. 1980ರಲ್ಲಿ ಮುಂಬೈನ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಇವರ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ. ಅದೇ ವರ್ಷ ರೆಹಮಾನ್ ಸಂಗೀತದ 'ಡ್ಯುಯೆಟ್' ಸಿನಿಮಾ. 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೂ ಆಯ್ತು.

ಈಗ ಸರಪಳಿಯನ್ನು ಹಿಂದಿನಿಂದ ಹಿಡಿದು ನೋಡಿ. ಪ್ರಿನ್ಸ್‌ಟನ್ನಿನ ಪ್ರೊಫೆಸರ್ ಕದ್ರಿಯವರ ಹತ್ತಿರ ಬರ್ತಾರೆ. ಕದ್ರಿಯವರು ತಂದೆಯ ನಾಗಸ್ವರದಿಂದ ಬರ್ತಾರೆ. ಕೊನೆಗೆ ಉಳಿಯೋದು ಸಜಿಪದ ಒಬ್ಬ ನಾಗಸ್ವರದವರು. ನಾವು ಹೆಮ್ಮೆ ಪಡೋದು ಸರಪಳಿಯ ಈ ತುದಿಯ ಬಗ್ಗೆ, ಕಡಿಯುತ್ತಿರೋದು ಆ ತುದಿಯನ್ನು.

ಹೇಗೆ ಕಡೀತಿದ್ದೀವಿ ಅಂತ ನೋಡೋಕೆ ತುಮಕೂರಿನ ಯಾವ ಕಲ್ಯಾಣ ಮಂಟಪಕ್ಕಾದರೂ ಹೋಗಿ. ಹೋದ ವರ್ಷ ಒಂದು ಆರತಕ್ಷತೆಯಲ್ಲಿ ಸುಮಾರು ಐವತ್ತೈದರ ಒಬ್ಬರು ಸ್ಯಾಕ್ಸೋಫೋನ್ ಊದುತ್ತಿದ್ದರು. ಎರಡು ಸಿನಿಮಾ ಹಾಡು ಮುಗಿಸಿ ನಿಧಾನಕ್ಕೆ ಒಂದು ಆಲಾಪನೆ ಎತ್ತಿಕೊಂಡರು. ಇನ್ನೂ ಒಂದು ನಿಮಿಷ ಆಗಿಲ್ಲ, ಮೈಕಿನಲ್ಲಿ ಕೂಗು: "ಕೆ.ಎ. 06 ನಂಬರಿನ ಬಿಳಿ ಕಾರು ಗೇಟಿಗೆ ಅಡ್ಡ ನಿಂತಿದೆ, ದಯವಿಟ್ಟು ತೆಗೀರಿ." ತುಮಕೂರಿನಲ್ಲಿ ಕೆ.ಎ. 06 ಅಂದರೆ ಅರ್ಧ ಮಂಟಪ ಎದ್ದು ನಿಲ್ಲುತ್ತೆ. ಅವರು ವಾದ್ಯವನ್ನು ತೊಡೆ ಮೇಲೆ ಇಳಿಸಿದರು. ಆಮೇಲೆ ಡಿಜೆ ಶುರುವಾಯ್ತು.

ಹತ್ತಿರ ಹೋಗಿ ಕೇಳಿದೆ, "ಯಜಮಾನ್ರೇ, ಏನು ರಾಗ ಅದು?"

"ಕಲ್ಯಾಣಿ ಸಾರ್. ನಮ್ಮಪ್ಪಂದು. ಅವ್ರು ಓಲಗದಾಗೆ ಹಿಂಗೇ ಎತ್ಕಳೋರು."

"ನಿಲ್ಲಿಸಿಬಿಟ್ರಲ್ಲ?"

"ಕಾರು ತೆಗೀಬೇಕಲ್ಲ ಸಾರ್," ಅಂದು ನಕ್ಕರು. ಮಗ ಏನು ಮಾಡ್ತಾನೆ ಅಂದೆ. ವಸಂತನರಸಾಪುರದ ಫ್ಯಾಕ್ಟರೀಲಿದ್ದಾನೆ, ಇದನ್ನು ಮುಟ್ಟಿಲ್ಲ, ಮುಟ್ಟೋದೂ ಬೇಡ ಅಂದರು.

"ಮುಟ್ಟೋದೂ ಬೇಡ" ಅನ್ನೋ ಮಾತಿನ ಹಿಂದೆ ಏನಿದೆ ಅಂತ ನಮ್ಮ ಸೀಮೆಯೋರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ ಓಲಗ ಊದೋದು ಬಹುಪಾಲು ಸವಿತಾ ಸಮಾಜದವರು, ಕೊರಮರು. ಮುಹೂರ್ತಕ್ಕೆ ಅವರಿಲ್ಲದೆ ತಾಳಿ ಕಟ್ಟೋ ಹಾಗಿಲ್ಲ, ಆದರೆ ಊಟಕ್ಕೆ ಅವರು ಕೊನೇ ಪಂಕ್ತಿ. ಲಗ್ನಪತ್ರಿಕೆಯಲ್ಲಿ ಮಾವನ ಮನೆಯ ಬೀಗರ ಬೀಗರ ಹೆಸರೂ ಇರುತ್ತೆ, ಅವರ ಹೆಸರಿರಲ್ಲ. ದುಡ್ಡು ಇಸ್ಕೊಳ್ಳೋಕೆ ಮದುವೆ ಮನೆಯ ಯಜಮಾನನ ಹಿಂದೆ ಸಂಜೆವರೆಗೂ ಸುತ್ತಬೇಕು. ಇಂಥ ಬಾಳು ಮಗನಿಗೆ ಬೇಡ ಅಂತ ಅಪ್ಪ ಅಂದರೆ ತಪ್ಪು ಅಪ್ಪಂದಾ?

ಅಮೆರಿಕದ ಜಾಝ್ ಇತಿಹಾಸ ಓದಿ ಕಣ್ಣೀರು ಹಾಕೋ ಗೆಳೆಯರು ನನಗಿದ್ದಾರೆ. ಕಪ್ಪು ಸಂಗೀತಗಾರರು ತಾವು ನುಡಿಸುತ್ತಿದ್ದ ಹೋಟೆಲುಗಳಲ್ಲೇ ತಂಗೋ ಹಾಗಿರಲಿಲ್ಲ, ಹಿಂಬಾಗಿಲಿನಿಂದ ಬರಬೇಕಿತ್ತು ಅಂತ ಸಾಕ್ಷ್ಯಚಿತ್ರ ನೋಡಿ ಬೇಜಾರು ಮಾಡ್ಕೊತಾರೆ. ಅದೇ ಗೆಳೆಯರ ಮದುವೆಯಲ್ಲಿ ಓಲಗದವರು ಊಟ ಮಾಡಿದ್ದು ಅಡುಗೆಮನೆಯ ಹಿಂದೆ, ಗ್ಯಾಸ್ ಸಿಲಿಂಡರಿನ ಪಕ್ಕ. ದೂರದ ಅನ್ಯಾಯಕ್ಕೆ ಮರುಗೋದಕ್ಕೆ ಖರ್ಚಿಲ್ಲ, ಅದಕ್ಕೇ ಸುಲಭ.

ಇದಕ್ಕೆ ಬರೋ ಉತ್ತರಗಳೂ ನನಗೆ ಗೊತ್ತು.

ಒಂದು: "ಅವರು ಊದೋದು ಬರೀ ಸಿನಿಮಾ ಹಾಡು, ಅದರಲ್ಲಿ ಕಲೆ ಏನ್ ಬಂತು?" ಸಿನಿಮಾ ಹಾಡು ಊದಿ ಅಂದೋರು ನಾವೇ ಅಲ್ವಾ? ಅದೂ ಇರಲಿ. ಚಾರ್ಲಿ ಪಾರ್ಕರ್ ಅಂದರೆ ಆಲ್ಟೊ ಸ್ಯಾಕ್ಸೋಫೋನಿನ ದೇವರು ಅಂತೀರಿ. ಗರ್ಶ್ವಿನ್ 1930ರಲ್ಲಿ ಒಂದು ಬ್ರಾಡ್‌ವೇ ನಾಟಕಕ್ಕೆ ಮಾಡಿದ ಹಾಡಿನ ಚೌಕಟ್ಟನ್ನು ಇಟ್ಟುಕೊಂಡು ಪಾರ್ಕರ್ ಎಷ್ಟೋ ಹೊಸ ರಚನೆ ಕಟ್ಟಿದರು. ಬ್ರಾಡ್‌ವೇ ಅಂದರೆ ಅವರ ಕಂಪನಿ ನಾಟಕ. ಜನ ಗುನುಗೋ ಹಾಡನ್ನು ಹಿಡಿದು ಅದರಿಂದ ದೊಡ್ಡದನ್ನು ಮಾಡೋದೇ ಜಾಝ್ ಬೆಳೆದ ದಾರಿ. ಕದ್ರಿಯವರೂ ಸಿನಿಮಾಕ್ಕೆ ನುಡಿಸಿದರು. ಹಾಡು ಸಿನಿಮಾದ್ದು ಅನ್ನೋದು ತಕರಾರೇ ಅಲ್ಲ. ಹಾಡು ಮುಗಿದ ಮೇಲೆ ತನ್ನದನ್ನು ನುಡಿಸೋಕೆ ಹತ್ತು ನಿಮಿಷ ಸಿಗುತ್ತಾ ಅನ್ನೋದು ಪ್ರಶ್ನೆ.

ಎರಡು: "ಓಲಗ ಕಿವಿ ಕಿತ್ತೋಗೋ ಹಾಗಿರುತ್ತೆ ಗುರು." ಹೌದು, ನಾಗಸ್ವರ ಬಯಲಿನ ವಾದ್ಯ. ಎಡೆಯೂರು ಸಿದ್ಧಲಿಂಗೇಶ್ವರನ ತೇರಿನ ಮುಂದೆ, ಗುಬ್ಬಿ ಚನ್ನಬಸವೇಶ್ವರನ ಉತ್ಸವದಲ್ಲಿ ಸಾವಿರ ಜನರ ಗದ್ದಲ ದಾಟಿ ಕೇಳಿಸಬೇಕು. ಅದಕ್ಕೆ ಮೈಕೇ ಬೇಡ. ತಗಡಿನ ಚಾವಣಿಯ ಮಂಟಪದಲ್ಲಿ ಅದರ ಬಾಯಿಗೆ ಮೈಕಿಟ್ಟು, ಆಳೆತ್ತರದ ಸ್ಪೀಕರಿನಲ್ಲಿ ಬಿಟ್ಟವರು ಸೌಂಡ್ ಸಿಸ್ಟಂನೋರು. ಅದೇ ಸ್ಪೀಕರಿನಲ್ಲಿ ಡಿಜೆ ಎದೆ ನಡುಗಿಸಿದರೆ ಮಾತ್ರ ಯಾರ ಕಿವಿಯೂ ಕಿತ್ತೋಗಲ್ಲ!

ಮೂರು, ನಮ್ಮ ಜನಕ್ಕೆ ಪ್ರಿಯವಾದದ್ದು: "ಮಾರ್ಕೆಟ್ ತೀರ್ಮಾನ ಮಾಡುತ್ತೆ, ಬೇಡಿಕೆ ಇದ್ದರೆ ಉಳಿಯುತ್ತೆ." ಸ್ವಾಮಿ, ಇಲ್ಲಿ ಮಾರ್ಕೆಟ್ ಅಂದರೆ ಯಾರು? ಮದುವೆಗೆ ಎಕ್ಸೆಲ್ ಶೀಟ್ ಮಾಡೋರು ನಾವು. ಡ್ರೋನ್ ಕ್ಯಾಮೆರಾಕ್ಕೆ ಒಂದು ಸಾಲು, ಪ್ರೀ-ವೆಡ್ಡಿಂಗ್ ಶೂಟಿಗೆ ಒಂದು ಸಾಲು, ಎಂಟ್ರಿಗೆ ಹೊಗೆ ಬಿಡೋ ಯಂತ್ರಕ್ಕೆ ಒಂದು ಸಾಲು. ಓಲಗ ಎಲ್ಲಿದೆ? "ಇತರೆ"ಯಲ್ಲಿ, ವೀಳ್ಯದೆಲೆ ಪಕ್ಕದಲ್ಲಿ. ಅಲ್ಲಿ ಚೌಕಾಶಿ ಮಾಡಿ ಉಳಿಸಿದ್ದನ್ನು ಮುಂದಿನ ತಿಂಗಳು ಬೆಂಗಳೂರಿನ ಯಾವುದೋ ಪಬ್ಬಿನಲ್ಲಿ ಲೈವ್ ಜಾಝ್ ಕೇಳೋಕೆ ಕವರ್ ಚಾರ್ಜ್ ಅಂತ ಕೊಡ್ತೀವಿ. ಅಲ್ಲಿ ಸೋಲೊ ನಡೆಯುವಾಗ ಯಾರಾದರೂ ಮಾತಾಡಿದರೆ ಶ್ ಅಂತೀವಿ.

ಗುಬ್ಬಿಯವರಿಗಂತೂ ಈ ಮಾರ್ಕೆಟ್ ಪಾಠವನ್ನು ಹೇಳಬೇಡಿ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ಅಪ್ಪಟ ವ್ಯಾಪಾರಿ ಕಂಪನಿ. ಟಿಕೆಟ್ ಮಾರಿಯೇ ಬದುಕಬೇಕಿತ್ತು, ಸರ್ಕಾರದ ಅನುದಾನ ನಂಬಿಕೊಂಡು ಕೂತಿರಲಿಲ್ಲ. ಆ ಕಂಪನಿಗೆ ಬಂಟ್ವಾಳ ತಾಲ್ಲೂಕಿನ ಮಂಚಿಯಿಂದ, ಅಂದರೆ ಕದ್ರಿಯವರ ತಾಲ್ಲೂಕಿನಿಂದಲೇ, ಒಬ್ಬ ಹುಡುಗ ಓಡಿ ಬಂದ. ಹುಡುಗನಲ್ಲಿ ಏನೋ ಇದೆ ಅಂತ ಕಂಡ ಗುಬ್ಬಿ ವೀರಣ್ಣನವರು ಅವನನ್ನು ಎಂಎ ಓದೋಕೆ ಬನಾರಸ್ಸಿಗೆ ಕಳಿಸಿದರು. ಆ ಹುಡುಗ ಬಿ. ವಿ. ಕಾರಂತ. ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನ ರಂಗಾಯಣ ಕಟ್ಟಿದರು, ಕನ್ನಡ ರಂಗಸಂಗೀತದ ದಿಕ್ಕನ್ನೇ ಬದಲಿಸಿದರು. ವ್ಯಾಪಾರದ ಲೆಕ್ಕ ಗೊತ್ತಿದ್ದ ಒಬ್ಬ ಗುಬ್ಬಿಯ ಮನುಷ್ಯ, ಪ್ರತಿಭೆ ತಾನಾಗೇ ಉಳಿಯಲ್ಲ, ಯಾರಾದರೂ ದುಡ್ಡು ಹಾಕಬೇಕು ಅಂತ ಅರಿತಿದ್ದ. ಆ ಊರಿನ ಮೊಮ್ಮಕ್ಕಳಾದ ನಾವು ಸಿಎಸ್ಆರ್ ಫೋಟೋಗೆ ಸಸಿ ಹಿಡಿದು ನಿಲ್ತೀವಿ.

ನವೆಂಬರ್ ಬಂದರೆ ಟೆಕ್ ಪಾರ್ಕುಗಳಲ್ಲಿ ರಾಜ್ಯೋತ್ಸವ. ಕುಣಿಗಲ್ ಕೆರೆಯ ಜನಪದ ಹಾಡಿಗೆ ಡಿಜೆ ಬೀಟು ಹಾಕಿ, ಹಳದಿ ಕೆಂಪು ಶಾಲು ಹೊದ್ದು ಕುಣೀತೀವಿ. ಕುಣೀಬೇಡಿ ಅನ್ನಲ್ಲ. ಆದರೆ ಕುಣಿಗಲ್ಲಿನಿಂದ ಒಂದು ಓಲಗದ ತಂಡವನ್ನು ಕರೆಸಿ, ಒಂದು ಗಂಟೆ ಕುರ್ಚಿ ಹಾಕಿ ಕೂತು ಕೇಳಿದ ಒಂದೇ ಒಂದು ಆಫೀಸನ್ನು ನಾನು ಈ ಹತ್ತು ವರ್ಷದಲ್ಲಿ ಕಂಡಿಲ್ಲ. ಸಂಭಾವನೆ ಎಷ್ಟಾಗುತ್ತೆ? ಆ ದಿನ ಹಂಚೋ ಟೀಶರ್ಟಿನ ಖರ್ಚಿನಲ್ಲಿ ಆಗಿಹೋಗುತ್ತೆ.

ಸರ್ಕಾರ ಏನಾದ್ರೂ ಮಾಡಬೇಕು, ಅಕಾಡೆಮಿ ಮಾಡಬೇಕು ಅಂತ ಬರೆದು ಮುಗಿಸೋದು ಸುಲಭ. ನಾನು ಕೇಳ್ತಿರೋದು ನಿಮ್ಮನ್ನು. ಮುಂದಿನ ಎರಡು ಮೂರು ವರ್ಷದಲ್ಲಿ ನಿಮ್ಮದೋ, ತಂಗಿಯದೋ, ಗೆಳೆಯನದೋ ಮದುವೆ ತುಮಕೂರಲ್ಲೋ ಗುಬ್ಬಿಯಲ್ಲೋ ಕುಣಿಗಲ್ಲಲ್ಲೋ ಆಗೇ ಆಗುತ್ತೆ. ಓಲಗದವರ ಹೆಸರನ್ನು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಊರಿನ ಹೆಸರಿನ ಸಮೇತ. ಊಟಕ್ಕೆ ಮೊದಲ ಪಂಕ್ತಿಯಲ್ಲಿ ನಿಮ್ಮ ಮಾವಂದಿರ ಪಕ್ಕ ಕೂರಿಸಿ. ಮಾವ ಎದ್ದು ಹೋದರೆ ಹೋಗಲಿ, ಎಲೆ ಒಂದು ಉಳಿಯುತ್ತೆ. ದುಡ್ಡನ್ನು ಅವರು ವಾದ್ಯ ಕಟ್ಟಿಡೋ ಮೊದಲೇ ಫೋನಿನಲ್ಲಿ ಹಾಕಿ, ಕಾಯಿಸಬೇಡಿ. ಆರತಕ್ಷತೆಯ ಸಂಜೆ ಡಿಜೆಗೆ ಮುಂಚೆ ಅರ್ಧ ಗಂಟೆ ಅವರಿಗೇ ಬಿಟ್ಟುಕೊಡಿ, ಏನು ನುಡಿಸಬೇಕು ಅನ್ನೋದು ಅವರ ಇಷ್ಟ. ಆ ಅರ್ಧ ಗಂಟೆ ಮೈಕಿನಲ್ಲಿ ಯಾವ ಕಾರಿನ ನಂಬರನ್ನೂ ಕೂಗಬಾರದು.

ಇದರಿಂದ ನಾಳೆಯೇ ಇನ್ನೊಬ್ಬ ಕದ್ರಿ ಹುಟ್ತಾರೆ ಅಂತ ನಾನು ಹೇಳ್ತಿಲ್ಲ. ಹುಟ್ಟದೇ ಇರಬಹುದು. ಆದರೆ ಆ ಮೂಲೆಯಲ್ಲಿ ಅಪ್ಪನ ಪಕ್ಕ ಶ್ರುತಿಪೆಟ್ಟಿಗೆ ಹಿಡಿದು ಕೂತ ಹುಡುಗ ಒಬ್ಬ ಇದ್ದೇ ಇರ್ತಾನೆ. ಇಷ್ಟು ಜನ ಸುಮ್ಮನೆ ಕೂತು ತನ್ನಪ್ಪ ನುಡಿಸಿದ್ದನ್ನು ಕೇಳಿದರು ಅನ್ನೋದನ್ನು ಅವನು ನೋಡ್ತಾನೆ. ನಾಳೆ ಆ ವಾದ್ಯವನ್ನು ಮುಟ್ಟೋದೋ ಬೇಡವೋ ಅಂತ ಅವನು ತೀರ್ಮಾನ ಮಾಡೋದು ಅದನ್ನು ನೋಡಿಯೇ. ಮಹಾಂತಪ್ಪನವರ ಬಗ್ಗೆ, ಕದ್ರಿಯವರ ಬಗ್ಗೆ ಹೆಮ್ಮೆ ಪಡೋ ಹಕ್ಕನ್ನು ಆಮೇಲೆ ಬೇಕಾದರೆ ಚರ್ಚೆ ಮಾಡೋಣ.

ಸದ್ಯಕ್ಕೆ ಗಟ್ಟಿಮೇಳ ಮುಗಿದ ತಕ್ಷಣ ಊಟದ ಹಾಲಿಗೆ ಓಡಬೇಡಿ. ಅಕ್ಷತೆ ಹಾಕಿ, ಅಲ್ಲೇ ಕುರ್ಚಿ ಎಳೆದುಕೊಂಡು ಕೂತ್ಕೊಳ್ಳಿ. ಹೋಳಿಗೆ ಎಲ್ಲೂ ಹೋಗಲ್ಲ.